ನಾಲ್ಕನೆಯ ಕೊಕ್ಕೆ

"ನೋಡಪ್ಪ!" ಎಂದು ಮಗಳು ಊಟದ ಮೇಜಿನ ಮೇಲೆ ಎಡಗೈ ಚಾಚಿದಳು. ಪಕ್ಕದಲ್ಲಿ ಅವಳನ್ನು ಮದುವೆಯಾಗಲಿರುವ ಹುಡುಗ, ಲಿಫ್ಟ್ ರಿಪೇರಿ ಮಾಡುವವನು, ಬಾಯಿ ಕಿವಿಯವರೆಗೆ ಹಿಗ್ಗಿಸಿಕೊಂಡು ಕೂತಿದ್ದ. ಅಪ್ಪ ಮೂವತ್ತು ವರ್ಷದಿಂದ ಒಡವೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಉಂಗುರಗಳಿಗೆ ಹರಳು ಕೂರಿಸಿದವನು. ಬೇರೆ ಅಪ್ಪಂದಿರಾದರೆ ಮೊದಲು ಮಗಳ ಮುಖ ನೋಡುತ್ತಿದ್ದರು. ಇವನು ವಜ್ರವನ್ನು ಹಿಡಿದಿದ್ದ ಚಿನ್ನದ ನಾಲ್ಕು ಕೊಕ್ಕೆಗಳನ್ನು ನೋಡಿದ. ಮೂರು ತೆಳ್ಳಗಿದ್ದವು. ನಾಲ್ಕನೆಯದು ಮಾತ್ರ ಅಗಲವಾಗಿ ಹರಳಿನ ಸುತ್ತಂಚಿಗೆ, ಅದರ ಸೊಂಟಕ್ಕೆ, ಅವುಚಿಕೊಂಡಿತ್ತು.

ಬಾಯಿಗೆ ಹೊರಟಿದ್ದ ತುತ್ತು ಅಲ್ಲೇ ನಿಂತಿತು. "ಎಲ್ಲಿ ತಗೊಂಡೆ ಇದನ್ನ?"

"ನಿಮ್ಮ ಅಂಗಡೀಲೇ ಮಾವ. ನೀವು ಕೂರಿಸಿದ ಹರಳೇ ಇವಳ ಬೆರಳಿಗೆ ಬರ್ಲಿ ಅಂತ ಆಸೆ. ನಾನು ಯಾರು ಅಂತ ಅಲ್ಲಿ ಹೇಳ್ಲಿಲ್ಲ. ಹೇಳಿದ್ರೆ ನಿಮ್ಮ ಕಿವಿಗೆ ಬಿದ್ದು ಗುಟ್ಟು ರಟ್ಟಾಗ್ತಿತ್ತು." ಆಮೇಲೆ ಸ್ವಲ್ಪ ಸಂಕೋಚದಿಂದ ಸೇರಿಸಿದ: "ಇವಳು ಲ್ಯಾಬಲ್ಲಿ ಬೆಳೆಸಿದ ವಜ್ರನೇ ಸಾಕು ಅಂದಿದ್ಲು. ನಾನೂ ಅದನ್ನೇ ಕೇಳ್ದೆ. ನಿಮ್ಮ ಮಾಲೀಕರು ಅಷ್ಟು ಜನರ ಮುಂದೆ ನಕ್ಕುಬಿಟ್ರು. 'ಕಟ್ಕೊಳ್ಳೋಳಿಗೆ ಮಷಿನ್ ಕಲ್ಲು ಕೊಡ್ತೀಯೇನಪ್ಪ? ಪ್ರೀತಿನೂ ಮಷಿನ್‌ದೇನಾ?' ಅಂದ್ರು. ಮುಖ ಎಲ್ಲಿ ಇಟ್ಕೋಬೇಕೋ ಗೊತ್ತಾಗ್ಲಿಲ್ಲ. ನೆಲದಿಂದ ತೆಗೆದಿದ್ದೇ ಕೊಡಿ ಅಂದೆ. ಎರಡು ವರ್ಷ ಭಾನುವಾರನೂ ಬಿಡದೆ ದುಡಿದಿದ್ದು ಅಲ್ಲಿಗೇ ಹೋಯ್ತು. ಹೋಗ್ಲಿ ಬಿಡಿ, ಕಲ್ಲಂತೂ ಅಸಲಿ. ಕಾಗದನೂ ಕೊಟ್ಟಿದ್ದಾರೆ."

ಅಪ್ಪ ಕೈ ತೊಳೆದುಕೊಂಡು ಬಂದ. ಒಳಗಿನಿಂದ ಇಕ್ಕಳ ತಂದ, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ತಂದ. "ಬಿಚ್ಚು," ಎಂದ. ಮಗಳು ಬೆಪ್ಪಾಗಿ ಉಂಗುರ ಬಿಚ್ಚಿ ಕೊಟ್ಟಳು. ನಾಲ್ಕನೆಯ ಕೊಕ್ಕೆಯನ್ನು ಒಂದೇ ಏಟಿಗೆ ಮೇಲೆತ್ತಿ, ಉಂಗುರವನ್ನೂ ಭೂತಗನ್ನಡಿಯನ್ನೂ ಅವಳ ಕೈಗೇ ಕೊಟ್ಟು, "ಓದು," ಎಂದ.

ಹರಳಿನ ಸೊಂಟದ ಮೇಲೆ ಎರಡು ಅಕ್ಷರ, ಒಂದು ನಂಬರು. ಲ್ಯಾಬಿನಲ್ಲಿ ಬೆಳೆಸಿದ ವಜ್ರಕ್ಕೆ ಹೀಗೆ ಗುರುತು ಕೊರೆದಿರುತ್ತಾರೆ, ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವುದು ಯಾವುದು ಎಂದು ತಿಳಿದಿರಲಿ ಅಂತ. ಹರಳಿನದೇನೂ ತಪ್ಪಿಲ್ಲ, ಅದೂ ವಜ್ರವೇ, ಅದರ ಹೊಳಪಿಗೇನೂ ಕಡಿಮೆಯಿಲ್ಲ. ಹುಡುಗ ಬಾಯಿಬಿಟ್ಟು ಕೇಳಿದ್ದೂ ಅದನ್ನೇ ಅಲ್ಲವೆ? ಕೇಳಿದವನನ್ನು ನಾಲ್ಕು ಜನರೆದುರು ಹಂಗಿಸಿ, ತಲೆ ತಗ್ಗಿಸುವ ಹಾಗೆ ಮಾಡಿ, ಕೊನೆಗೆ ಅದೇ ಕಲ್ಲನ್ನು ಬೇರೆ ಹೆಸರಿನಲ್ಲಿ, ಹತ್ತು ಪಟ್ಟು ಬೆಲೆಗೆ ಅವನ ಕೈಗಿಟ್ಟಿದ್ದ ಆ ಮಹಾನುಭಾವ. ಹಾಡಹಗಲ ದರೋಡೆಗೂ ಇದಕ್ಕಿಂತ ಮರ್ಯಾದೆ ಇರುತ್ತದೆ.

"ಕಳ್ಳ ನನ್ಮಗ!" ಅಪ್ಪ ಮೇಜು ಗುದ್ದಿದ ರಭಸಕ್ಕೆ ನೀರಿನ ಲೋಟ ಉರುಳಿತು. "ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ! ಮೂವತ್ತು ವರ್ಷ ಅವನ ಅಂಗಡೀಲಿ ಕಣ್ಣು ಸವೆಸಿದ್ದಕ್ಕೆ ನನ್ನ ಮಗಳಿಗೇ ಟೋಪಿ ಹಾಕ್ತಾನಾ? ಇವತ್ತು ಅವನ ಜನ್ಮ ಜಾಲಾಡದಿದ್ರೆ ಕೇಳಿ!" ಗೂಟದಲ್ಲಿದ್ದ ಅಂಗಿಯನ್ನು ಎಳೆದು ಒಂದು ತೋಳು ತೂರಿಸಿದ. ಇನ್ನೊಂದು ತೋಳು ಎಲ್ಲಿದೆಯೆಂದು ಸಿಟ್ಟಿನಲ್ಲಿ ಸಿಗಲಿಲ್ಲ.

ಮಗಳು ಭೂತಗನ್ನಡಿಯನ್ನು ಕೆಳಗಿಟ್ಟಳು. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ದಿನವಿಡೀ ಸಣ್ಣ ಅಕ್ಷರ ಓದಿ ಅಭ್ಯಾಸ. "ಅಪ್ಪ, ನಂಬರು ಆ ಕೊಕ್ಕೆ ಅಡೀಲೇ ಇದೆ ಅಂತ ನಿನಗೆ ಹೆಂಗೆ ಗೊತ್ತಾಯ್ತು?"

"ಗೊತ್ತಾಗ್ದೆ ಏನು? ಕೂರಿಸಿದ್ದು ನಾನೇ ಅಲ್ವಾ! ಹೋದ ತಿಂಗಳು ಆ ಮಾಲೀಕ ಬಂದು, ಅಕ್ಷರದ ಮೇಲೆ ಬರೋ ಹಾಗೆ ಒಂದು ಕೊಕ್ಕೆ ಅಗಲ ಮಾಡು ಅಂದ. ಮಾಡ್ದೆ."

"ಯಾಕೆ ಅಂತ ಕೇಳ್ಲಿಲ್ವಾ?"

"ಕೂಲಿಯವನು ಯಾಕೆ ಏನು ಅಂತ ಕೇಳ್ತಾನೇನೇ? ಉಂಡ ಮನೆಗೆ ಎರಡು ಬಗೀಬಾರದು ಅಂತ ಸುಮ್ಮನಿದ್ದೆ."

"ಅವಧಿ ಮುಗಿದ ಮಾತ್ರೆ ಮೇಲಿನ ತಾರೀಖಿಗೆ ಚೀಟಿ ಅಂಟಿಸಿ ಮಾರು ಅಂತ ನಮ್ಮ ಯಜಮಾನ್ರು ಹೇಳಿ, ನಾನೂ ಹಂಗೇ ಸುಮ್ಮನೆ ಅಂಟಿಸಿದ್ರೆ ನೀನೇನಂತೀಯ?" ಹುಡುಗನಿಗೆ ಆದ ಅವಮಾನಕ್ಕೆ ಅವಳಿಗೆ ಬಂದಿದ್ದ ಕೋಪ ಈಗ ದಾರಿ ಬದಲಿಸಿ ಅಪ್ಪನತ್ತಲೇ ನುಗ್ಗುತ್ತಿತ್ತು. "ಇಂಥವು ಎಷ್ಟು ಕೂರಿಸಿದ್ದೀಯ ಅಪ್ಪ?"

ಅಪ್ಪ ಅಂಗಿಯ ಇನ್ನೊಂದು ತೋಳನ್ನು ಹುಡುಕುವುದರಲ್ಲೇ ಇದ್ದ.

ಹುಡುಗ ಒಳ್ಳೆಯವನು. ಅವನಿಗೆ ಮನೆಯಲ್ಲಿ ಜಗಳ ಬೇಡವಾಗಿತ್ತು. ಉರುಳಿದ ಲೋಟವನ್ನು ಎತ್ತಿ ನಿಲ್ಲಿಸಿ, "ಬಿಡೇ," ಎಂದ ಮೆಲ್ಲಗೆ, "ಅದು ನಿನ್ನ ಕೈಗೆ ಬರುತ್ತೆ ಅಂತ ಮಾವನಿಗೇನು ಗೊತ್ತಿತ್ತು?"

"ಗೊತ್ತಿರ್ಲಿಲ್ಲ," ಎಂದಳು ಮಗಳು, ಅಪ್ಪನ ಮೇಲಿನಿಂದ ಕಣ್ಣು ತೆಗೆಯದೆ. "ಬೇರೆಯವರ ಮಗಳು ಹಾಕ್ಕೊಳ್ತಾಳೆ ಅಂತ ತಿಳ್ಕೊಂಡೇ ಅಷ್ಟು ನೀಟಾಗಿ ಮುಚ್ಚಿದ್ದು. ಅಲ್ವಾ ಅಪ್ಪ?"