ಖಾಲಿ ತೊಡೆ

ಲೂಸಿಯಾ ಬಸ್ಸು ಹತ್ತಿದವಳೇ ಸೀಟಿನಲ್ಲಿ ಕೂತಿದ್ದ ಇಯೋಪುವನ್ನು ದಾಟಿ ಹೋಗಿ ಹಿಂದಿನ ಸೀಟಿನ ಮುದುಕಿಯ ತೊಡೆಯ ಮೇಲೆ ಕೂತಳು. "ಅಯ್ಯೋ, ನನ್ನ ಮಂಡಿ!" ಎಂದಳು ಮುದುಕಿ.

ರಾಜಧಾನಿ ಅಪಿಯಾದಿಂದ ಊರಿಗೆ ಹೋಗುವ ಈ ಬಸ್ಸಿನಲ್ಲಿ ಸೀಟು ತುಂಬಿದ ಮೇಲೆ ಹತ್ತಿದವರು ನಿಲ್ಲುವುದಿಲ್ಲ, ಕೂತವರ ತೊಡೆಯ ಮೇಲೆ ಕೂರುತ್ತಾರೆ. ಇವತ್ತು ಎಲ್ಲರ ತೊಡೆಯೂ ತುಂಬಿತ್ತು. ಇಯೋಪುವಿನದೊಂದೇ ಖಾಲಿ.

"ಏನೇ ಲೂಸಿಯಾ, ನನ್ನ ತೊಡೇಲಿ ಮುಳ್ಳಿದ್ಯಾ?"

"ಹಾಗಲ್ಲ ಮಾವ... ನಿಮ್ಮ ಹಾರ್ಟು... ಚರ್ಚಲ್ಲಿ ನಿಮ್ಮ ಹೆಸರು ಓದಿದ್ರಲ್ಲ..."

ತಪ್ಪು ಅವನದೇ. ಬರುವ ಶನಿವಾರದ ದೋಣಿ ಪಂದ್ಯಕ್ಕೆ ಮುಂಚೆ ಇಸಿಜಿ ಮಾಡಿಸಿದ್ದ. "ಆಗೊಮ್ಮೆ ಈಗೊಮ್ಮೆ ಒಂದು ಬಡಿತ ಅವಸರ ಮಾಡುತ್ತೆ. ಐವತ್ತರ ಹತ್ತಿರ ಎಷ್ಟೋ ಜನಕ್ಕೆ ಹೀಗಿರುತ್ತೆ. ಸ್ಕ್ಯಾನೂ ನೋಡಿದೆ, ಹೃದಯ ಗಟ್ಟಿಯಾಗಿದೆ. ಧಾರಾಳವಾಗಿ ದೋಣಿ ನಡೆಸಿ" ಎಂದಿದ್ದರು ಡಾಕ್ಟರು. ಆ ಖುಷಿಗೆ ದೇವರಿಗೊಂದು ಕೃತಜ್ಞತೆ ಹೇಳಿಬಿಡಿ ಎಂದು ಪಾದ್ರಿಗಳ ಮನೆಗೆ ಮೀನು, ಕೆಸುವಿನ ಗೆಡ್ಡೆ ಕೊಟ್ಟು ಬಂದಿದ್ದ. ಹೃದಯ ಎಂಬ ಮಾತಷ್ಟೇ ಪಾದ್ರಿಗಳ ಕಿವಿಯಲ್ಲಿ ಉಳಿದಿರಬೇಕು. ಭಾನುವಾರ ಕಾಯಿಲೆಯವರಿಗಾಗಿ ಮಾಡುವ ಪ್ರಾರ್ಥನೆಯಲ್ಲಿ ಅವನ ಹೆಸರನ್ನೇ ಮೊದಲು ಓದಿದರು. ಊರಿಗೆ ಊರೇ ಕಣ್ಣೊರೆಸಿಕೊಂಡಿತು.

ಮುಂದಿನ ಸ್ಟಾಪಿನಲ್ಲಿ ಮನಾಸೆ ಹತ್ತಿದ. ದೋಣಿ ತಂಡದ ಯಜಮಾನ. ಮೈಯೂ ಯಜಮಾನಿಕೆಗೆ ತಕ್ಕಂತೆ. ಇಪ್ಪತ್ತು ವರ್ಷದಿಂದ ಇಯೋಪು ಹಿಡಿಯುತ್ತಿದ್ದ ಚುಕ್ಕಾಣಿಯನ್ನು ಮನಾಸೆ ಬೆಳಿಗ್ಗೆಯಷ್ಟೇ ತನ್ನ ತಮ್ಮನಿಗೆ ಕೊಟ್ಟಿದ್ದ.

"ಬಾ, ಕೂತ್ಕೋ" ಎಂದು ಇಯೋಪು ತೊಡೆ ತಟ್ಟಿದ.

"ಬೇಡ ಕಣೋ, ನಿಂತಿರ್ತೀನಿ."

"ಕೂತ್ಕೋ ಅಂದೆ! ಊರು ಮುಟ್ಟೋವರೆಗೂ ನಿನ್ನ ಹೊತ್ತರೆ ಶನಿವಾರ ಚುಕ್ಕಾಣಿ ನಂದು. ಡಾಕ್ಟ್ರೇ ಏನೂ ಇಲ್ಲ ಅಂದಿದಾರೆ."

"ಡಾಕ್ಟ್ರು ಸಮಾಧಾನಕ್ಕೆ ಹೇಳ್ತಾರೆ ಮಾರಾಯ."

"ನೀನು ತೋರಿಸಿದೀಯಾ ನಿನ್ನ ಎದೇನ?"

"ನನಗೇನಾಗಿದೆ ತೋರಿಸೋಕೆ?"

ಡ್ರೈವರು ಹಾಡು ನಿಲ್ಲಿಸಿದ. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಬೇರೆ ದಾರಿ ಕಾಣದೆ ಮನಾಸೆ ಕೂತ.

ಕೂತ ಎಂದು ಉಳಿದವರು ಅಂದುಕೊಂಡರು. ಇಯೋಪುವಿನ ತೊಡೆಗೆ ಅಂಗಿಯ ಅಂಚು ತಾಗಿತೇ ಹೊರತು ಭಾರ ಬರಲಿಲ್ಲ. ಮನಾಸೆ ಮೇಲಿನ ಕಂಬಿಗೆ ಜೋತುಬಿದ್ದು, ಮಂಡಿ ಬಗ್ಗಿಸಿ, ಗಾಳಿಯಲ್ಲಿ ಕೂತಿದ್ದ.

"ಪೂರ್ತಿ ಕೂರೋ!"

"ಕೂತಿದೀನಲ್ಲೋ."

ದಾರಿಯುದ್ದಕ್ಕೂ ಮನಾಸೆಯ ಕಾಲು ನಡುಗಿತು, ಕತ್ತಿನಿಂದ ಬೆವರು ಇಳಿಯಿತು. ಅವನ ಬೆನ್ನಿಗೆ ಆನಿಸಿದ್ದ ಇಯೋಪುವಿನ ಅಂಗೈಗೆ ಒಂದು ಎದೆ ದಡದಡ ಹೊಡೆದುಕೊಳ್ಳುವುದು ತಿಳಿಯುತ್ತಿತ್ತು. ಅದು ತನ್ನದಲ್ಲ.

ಊರು ಬಂತು. ಮನಾಸೆಗೆ ಮಂಡಿ ನೆಟ್ಟಗಾಗಲಿಲ್ಲ. ಇಯೋಪುವೇ ಅವನ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದ.

"ಶನಿವಾರ?" ಎಂದ.

ಮನಾಸೆ ಬೇಲಿಯ ಕಂಬಕ್ಕೆ ಒರಗಿ ಏದುಸಿರು ಬಿಡುತ್ತಾ ಕರುಣೆಯಿಂದ ಅವನನ್ನು ನೋಡಿದ.

"ಬಾ ಇಯೋಪು, ಖಂಡಿತ ಬಾ. ದಡದಲ್ಲಿ, ನೆರಳಲ್ಲಿ, ನಿಂಗೆ ಅಂತಾನೇ ಒಂದು ಕುರ್ಚಿ ಹಾಕ್ಸಿರ್ತೀನಿ."