ಒಂಬತ್ತು ದಿನದ ರಜೆ

“ಮೂರೇ ಮೂರು ರಜೆ ಹಾಕಿದ್ರೆ ಒಂಬತ್ತು ದಿನ ಸಿಗುತ್ತೆ ಕಣೇ!” ಎನ್ನುತ್ತ ಬ್ಯಾಂಕಿನ ಗುಮಾಸ್ತ, ಆಸ್ಪತ್ರೆಯಿಂದ ಆಗಷ್ಟೇ ಬಂದು ಕುಳಿತ ಹೆಂಡತಿಯ ಮಡಿಲಿಗೆ ಕ್ಯಾಲೆಂಡರನ್ನೇ ಹಾಕಿದ. ಎರಡು ಶನಿವಾರ, ಎರಡು ಭಾನುವಾರ, ಎರಡು ಸರ್ಕಾರಿ ರಜೆ, ನಡುವಿನ ಮೂರು ದಿನ ಎಲ್ಲವನ್ನೂ ಪೆನ್ಸಿಲಿನಲ್ಲಿ ಹೂವಿನಂತೆ ಪೋಣಿಸಿದ್ದ. “ಸಮುದ್ರದ ದಡದ ದೊಡ್ಡ ಊರು. ರೈಲಿಗೆ ಎರಡು ಟಿಕೆಟೂ ತಗೊಂಡಾಯ್ತು.”

ಹೆರಿಗೆ ವಾರ್ಡಿನ ನರ್ಸ್ ಆಗಿದ್ದ ಅವಳು ಹಣೆ ಹಣೆ ಚಚ್ಚಿಕೊಂಡಳು. “ಈ ಕೆಂಪು ಅಂಕಿಯೆಲ್ಲ ನಿಮ್ಮ ಬ್ಯಾಂಕಿಗೆ ರೀ! ಹೊಟ್ಟೆಯೊಳಗಿನ ಕೂಸು ಕ್ಯಾಲೆಂಡರ್ ನೋಡ್ಕೊಂಡು ಹುಟ್ಟುತ್ತಾ? ಆ ದಿನಗಳಲ್ಲೇ ನನಗೆ ಡಬಲ್ ಡ್ಯೂಟಿ. ಹೋದ ವರ್ಷಾನೂ ಬಾಯಿ ಬಡ್ಕೊಂಡೆ, ಅದರ ಹಿಂದಿನ ವರ್ಷಾನೂ ಬಡ್ಕೊಂಡೆ. ಟಿಕೆಟ್ ತಗೊಳ್ಳೋ ಮುಂಚೆ ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

“ಹಾಗಾದ್ರೆ... ಅಮ್ಮನ್ನ ಕರ್ಕೊಂಡು ಹೋಗ್ಲಾ?”

“ಹೋಗಿ, ಪುಣ್ಯ ಬರುತ್ತೆ! ಒಂಬತ್ತು ದಿನ ‘ಊಟಕ್ಕೇನು’ ಅಂತ ಕೇಳೋರು ಇರಲ್ಲ. ನನಗೆ ಅದೇ ಪ್ರವಾಸ.”

ಯಾರಿಗೆ ಯಾವ ಗಳಿಗೆಯಲ್ಲಿ ದೇವರು ಬುದ್ಧಿ ಕೊಡುತ್ತಾನೋ ಬಲ್ಲವರಾರು. ಪೆಚ್ಚಾಗಿ ನಿಂತಿದ್ದವನು ಮೆಲ್ಲಗೆ ಕೇಳಿದ: “ಅಲ್ವೇ, ನಿನಗೆ ಯಾವತ್ತು ರಜೆ ಬೇಕು?”

ಮದುವೆಯಾಗಿ ಹನ್ನೊಂದು ವರ್ಷವಾದರೂ ಅವಳನ್ನು ಯಾರೂ ಹೀಗೆ ಕೇಳಿರಲಿಲ್ಲ. ಅವಳು ಮಡಿಲಿನ ಕ್ಯಾಲೆಂಡರನ್ನು ತನ್ನತ್ತ ತಿರುಗಿಸಿಕೊಂಡು, ಅವನ ಪೆನ್ಸಿಲಿಗೆ ಕೈ ಚಾಚಿದಳು.