ಅಜ್ಜಿ ನಂಬದ ನರ್ಸರಿ

ಮಗಳ ಬಟ್ಟೆ ಕೊಡವುವಾಗ ಒದ್ದೆ ಮರಳಿನ ವಾಸನೆ ಬಂದರೆ ನನಗೆ ಈಗಲೂ ಬಾಗಲಗುಂಟೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ, ಅಮ್ಮ ಇಬ್ಬರೂ ಪೀಣ್ಯದಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ನನ್ನನ್ನು ನರ್ಸರಿಗೆ ಬಿಡುತ್ತಿದ್ದವಳು ಮಾಕಳಿಯಿಂದ ಬಂದಿದ್ದ ಅಜ್ಜಿ. ದಿನಾ ಸಂಜೆ ನನ್ನ ಉಗುರುಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. "ಸ್ಲೇಟು ಇಡಿಸಲ್ಲ, ಅಕ್ಸರ ಏಳ್ಕೊಡಲ್ಲ. ಮಕ್ಳನ್ನ ಮಣ್ಣಲ್ಲಿ ಬಿಟ್ಟು ಆ ಮೇಡಂ ನಿದ್ದೆ ಒಡೀತಾಳೆ" ಎಂಬುದು ಅವಳ ಗುಮಾನಿ.

ಒಂದು ಮಧ್ಯಾಹ್ನ ಹೇಳದೆ ಕೇಳದೆ ಬಂದು ಕಿಟಕಿಯಿಂದ ಇಣುಕಿದಳು. ಮೇಡಂ ಎಚ್ಚರವಾಗಿಯೇ ಇದ್ದರು. ನಾನು ತಕ್ಕಡಿಯ ಒಂದು ತಟ್ಟೆಗೆ ಮರದ ತುಂಡು, ಇನ್ನೊಂದಕ್ಕೆ ಮರಳು ಹಾಕುತ್ತಿದ್ದೆ. ಅಜ್ಜಿ ಒಳಗೆ ಬಂದು "ಇದ್ಯಾವ ಪಾಠ?" ಎಂದಳು.

"ಯಾವ್ದು ಭಾರ ಅಂತ ಅವಳೇ ಕಂಡ್ಕೊಳ್ತಾಳೆ, ಅಜ್ಜಿ. ನೀವೂ ತೂಗಿ ನೋಡಿ" ಎಂದರು ಮೇಡಂ.

ಅಜ್ಜಿ ಮೊದಲು ತಕ್ಕಡಿಯನ್ನೇ ಅನುಮಾನಿಸಿ ತಟ್ಟೆಗಳನ್ನು ಅದಲುಬದಲು ಮಾಡಿದಳು. ಆಮೇಲೆ ಸೆರಗು ಸಿಕ್ಕಿಸಿ ನೆಲದ ಮೇಲೆ ಕೂತು, ಒಣ ಮರಳನ್ನೂ ಒದ್ದೆ ಮರಳನ್ನೂ ಒಂದೊಂದು ಬಟ್ಟಲು ಹಾಕಿದಳು. ಒದ್ದೆಯದು ಕೆಳಗಿಳಿಯಿತು. ಸುರಿದು ಮತ್ತೆ ತೂಗಿದಳು. ಬೆಲ್ ಹೊಡೆದದ್ದು ಅವಳಿಗೆ ಕೇಳಿಸಲಿಲ್ಲ.

ಹೊರಡುವಾಗ ಮೇಡಂಗೆ, "ನಂಗಿನ್ನೂ ನಂಬ್ಕೆ ಬಂದಿಲ್ಲ ಕಣವ್ವ. ನಾಳೆನೂ ಬಂದು ನೋಡ್ತೀನಿ" ಎಂದಳು.

ಆ ವರ್ಷ ಮುಗಿಯುವವರೆಗೂ ಅವಳಿಗೆ ನಂಬಿಕೆ ಬರಲಿಲ್ಲ.